ಗರಡಿಯಿಂದ ಬಯಲು ವ್ಯಾಯಾಮತಾಣದವರೆಗೆ: ಜಮಖಂಡಿ–ಮುಧೋಳ ಸೀಮೆಯಲ್ಲಿ ಸಾರ್ವಜನಿಕ ದೇಹಸಾಧನೆಯ ಚರಿತ್ರೆ

1. ಪೀಠಿಕೆ

ಕಳೆದ ಒಂದೂವರೆ ದಶಕದಲ್ಲಿ ಕರ್ನಾಟಕದ ನಗರ ಮತ್ತು ಪಟ್ಟಣಗಳ ಉದ್ಯಾನಗಳಲ್ಲಿ ಬಣ್ಣ ಬಳಿದ ಕಬ್ಬಿಣದ ವ್ಯಾಯಾಮ ಸಲಕರಣೆಗಳು ಕಾಣಿಸಿಕೊಂಡಿವೆ. ಕಾಲು ಬೀಸುವ, ತೋಳು ಎಳೆಯುವ, ಸೊಂಟ ತಿರುಗಿಸುವ ಈ ಸಲಕರಣೆಗಳಿಗೆ ಶುಲ್ಕವಿಲ್ಲ, ಸದಸ್ಯತ್ವವಿಲ್ಲ. ಜನರ ಬಾಯಲ್ಲಿ ಇವು ‘ಓಪನ್ ಜಿಮ್’ ಎಂದೇ ಹೆಸರಾಗಿವೆ. ಹಣ ಕೊಟ್ಟು ವ್ಯಾಯಾಮಶಾಲೆಗೆ ಹೋಗಲಾರದವರಿಗೂ ಆರೋಗ್ಯದ ಅವಕಾಶ ಸಮನಾಗಿ ದೊರೆಯಬೇಕು ಎಂಬುದು ಇವುಗಳ ಹಿಂದಿನ ಆಶಯ. ಈ ಆಶಯವನ್ನು ಹೊಸದೆಂದು ಭಾವಿಸುವುದು ವಾಡಿಕೆ. ಆದರೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ–ಬನಹಟ್ಟಿ ಸೀಮೆಯ ಚರಿತ್ರೆಯನ್ನು ಗಮನಿಸಿದರೆ, ಊರಿನ ನೆಲದಲ್ಲಿ, ಊರಿನ ಖರ್ಚಿನಲ್ಲಿ, ಶುಲ್ಕವಿಲ್ಲದೆ ದೇಹಸಾಧನೆ ಮಾಡುವ ಏರ್ಪಾಡು ಇಲ್ಲಿ ಬಹುಕಾಲದಿಂದ ಇದ್ದುದು ತಿಳಿಯುತ್ತದೆ. ಗರಡಿಮನೆ, ಕುಸ್ತಿಯ ಅಖಾಡ, ಗುಡಿಯ ಮುಂದಿನ ಸಂಗ್ರಾಣಿ ಕಲ್ಲು ಇವು ಆ ಏರ್ಪಾಡಿನ ಅಂಗಗಳು.

ಈ ಪರಂಪರೆಯನ್ನು ವೈಭವೀಕರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಲ್ಲ. ಶುಲ್ಕವಿಲ್ಲದ ವ್ಯಾಯಾಮದ ತಾಣಗಳು ಆಯಾ ಕಾಲದಲ್ಲಿ ಯಾರಿಗೆ ನಿಜವಾಗಿ ದಕ್ಕಿದವು, ಯಾರಿಗೆ ದಕ್ಕಲಿಲ್ಲ ಎಂಬ ಪ್ರಶ್ನೆಯನ್ನು ಇಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಇದಕ್ಕೆ ದೊರೆಯುವ ಉತ್ತರವು ಇಂದಿನ ಬಯಲು ವ್ಯಾಯಾಮತಾಣಗಳ ಅಳವನ್ನು ಅರಿಯಲು ಸಹಾಯಕವಾಗುತ್ತದೆ ಎಂಬುದು ಈ ಬರಹದ ನಿಲುವು.

2. ಸೀಮೆಯ ರಾಜಕೀಯ ಸ್ವರೂಪ

ಇಂದು ಬಾಗಲಕೋಟೆ ಜಿಲ್ಲೆಯ ಭಾಗವಾಗಿರುವ ಈ ಪ್ರದೇಶವು ಸ್ವಾತಂತ್ರ್ಯಪೂರ್ವದಲ್ಲಿ ಒಂದೇ ಆಡಳಿತಕ್ಕೆ ಸೇರಿರಲಿಲ್ಲ. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನವಾಗಿತ್ತು. 1811ರಲ್ಲಿ ಅದು ಪ್ರತ್ಯೇಕ ಅಸ್ತಿತ್ವ ಪಡೆಯಿತು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನ. 1901ರ ಜನಗಣತಿಯ ವೇಳೆಗೆ ಜಮಖಂಡಿಯ ವಿಸ್ತೀರ್ಣ 524 ಚದರ ಮೈಲಿ, ಜನಸಂಖ್ಯೆ 1,05,357. ಮುಧೋಳದ ವಿಸ್ತೀರ್ಣ 368 ಚದರ ಮೈಲಿ, ಜನಸಂಖ್ಯೆ 63,001. ಇಂದು ಒಂದೇ ನಗರವಾಗಿ ಬೆಳೆದಿರುವ ರಬಕವಿ ಮತ್ತು ಬನಹಟ್ಟಿಗಳ ಪೈಕಿ ರಬಕವಿಯು ಸಾಂಗಲಿ ಸಂಸ್ಥಾನಕ್ಕೂ ಬನಹಟ್ಟಿಯು ಜಮಖಂಡಿ ಸಂಸ್ಥಾನಕ್ಕೂ ಸೇರಿದ್ದವು. ಸಮೀಪದ ಮಹಾಲಿಂಗಪುರವು ಮುಧೋಳ ಸಂಸ್ಥಾನದಲ್ಲಿತ್ತು. ಬೀಳಗಿಯು ಬ್ರಿಟಿಷರ ನೇರ ಆಳ್ವಿಕೆಯ ಬಿಜಾಪುರ ಜಿಲ್ಲೆಯಲ್ಲಿತ್ತು. ಒಂದು ದಿನದ ನಡಿಗೆಯಲ್ಲಿ ಮೂರು ನಾಲ್ಕು ಆಡಳಿತಗಳನ್ನು ದಾಟಬಹುದಾಗಿದ್ದ ಈ ಸೀಮೆಯಲ್ಲಿ ಭಾಷೆ, ಜಾತ್ರೆ, ಕುಸ್ತಿಗಳು ಮಾತ್ರ ಗಡಿಯನ್ನು ಮಾನ್ಯ ಮಾಡಲಿಲ್ಲ. ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಿಜಾಪುರದಿಂದ ಬಾಗಲಕೋಟೆ ಜಿಲ್ಲೆ ಬೇರ್ಪಟ್ಟಿತು.

3. ಪ್ರಾಚೀನ ಆಧಾರಗಳು

ಈ ನೆಲದಲ್ಲಿ ದೇಹಬಲದ ಕಲ್ಪನೆಗೆ ದೀರ್ಘವಾದ ಸಾಹಿತ್ಯಕ ಹಿನ್ನೆಲೆಯಿದೆ. ಹತ್ತನೆಯ ಶತಮಾನದ ರನ್ನನು ಮುದುವೊಳಲು ಎಂದು ಕರೆಯಲಾಗುತ್ತಿದ್ದ ಮುಧೋಳದವನು, ಬಳೆಗಾರರ ಮನೆತನದಲ್ಲಿ ಹುಟ್ಟಿದವನು. ಅವನ ‘ಸಾಹಸಭೀಮ ವಿಜಯಂ’ ಅಥವಾ ‘ಗದಾಯುದ್ಧ’ವು ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸುತ್ತದೆ. ಅರಸನ ಯೋಗ್ಯತೆಯನ್ನು ಗದೆ ಹಿಡಿದ ತೋಳಿನ ಮೂಲಕ ಅಳೆಯುವ ಈ ಕಾವ್ಯವನ್ನು ಬರೆದವನು ಬಳೆ ಮಾರುವ ಕುಟುಂಬದಿಂದ ಬಂದವನೆಂಬುದು ಗಮನಾರ್ಹ.

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೂರನೆಯ ದಶಕದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಲ್ಲವಿನೋದ’ ಎಂಬ ಭಾಗವಿದೆ. ವಯಸ್ಸು, ಗಾತ್ರ, ಬಲಗಳನ್ನು ಅನುಸರಿಸಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಅದು ವಿಂಗಡಿಸುತ್ತದೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನು ಅವಲಂಬಿಸಿದ ಸ್ತಂಭಶ್ರಮ ಮೊದಲಾದ ಸಾಧನೆಗಳನ್ನು ಹೇಳುತ್ತದೆ. ಮಲ್ಲಕಂಬದ ಪ್ರಾಚೀನ ಉಲ್ಲೇಖವನ್ನು ವಿದ್ವಾಂಸರು ಈ ಸ್ತಂಭಶ್ರಮದಲ್ಲಿ ಗುರುತಿಸಿದ್ದಾರೆ. ಮಲ್ಲರಿಗೆ ಕೊಡಬೇಕಾದ ಆಹಾರದ ವಿವರವೂ ಅಲ್ಲಿದೆ. ಸಾಧನೆ ಮತ್ತು ಆಹಾರಗಳನ್ನು ಒಟ್ಟಿಗೆ ಹೇಳಿರುವುದು ನಮ್ಮ ಚರ್ಚೆಗೆ ಮುಖ್ಯವಾದ ಸಂಗತಿ. ಆದರೆ ಆ ಗ್ರಂಥದ ಮಲ್ಲನು ಅರಸನ ವಿನೋದಕ್ಕಾಗಿ ಪೋಷಿತನಾದವನು. ಪ್ರಜೆಯ ಆರೋಗ್ಯವು ಅಲ್ಲಿ ವಿಷಯವೇ ಆಗಿಲ್ಲ.

ವಿಜಯನಗರ ಕಾಲಕ್ಕೆ ಬಂದರೆ, ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಬೆಳಗಿನ ಜಾವ ಎಳ್ಳೆಣ್ಣೆ ಹಚ್ಚಿಸಿಕೊಂಡು ಭಾರ ಎತ್ತಿ, ಮಲ್ಲನೊಡನೆ ಸೆಣಸುತ್ತಿದ್ದುದನ್ನು ಬರೆದಿದ್ದಾನೆ. ಅನಂತರ ಬಂದ ನೂನಿಜ್‌ನು ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರಿದ್ದರೆಂದು ತಿಳಿಸುತ್ತಾನೆ. ಮಲ್ಲವಿದ್ಯೆಯು ಗಂಡಸರಿಗೆ ಮಾತ್ರ ಮೀಸಲೆಂಬ ನಂತರದ ಕಟ್ಟುಪಾಡನ್ನು ಪ್ರಶ್ನಿಸಲು ಈ ಒಂದು ವಾಕ್ಯವೇ ಸಾಕು.

4. ಗರಡಿಯ ಘಟಕಗಳು

ಉತ್ತರ ಕರ್ನಾಟಕದ ಗರಡಿಯನ್ನು ಒಂದು ಸಂಸ್ಥೆಯಾಗಿ ನೋಡಿದಾಗ ಅದಕ್ಕೆ ಐದು ಆಧಾರಗಳಿದ್ದುದು ಕಾಣುತ್ತದೆ: ನೆಲ, ಸಲಕರಣೆ, ವಸ್ತಾದ, ಖುರಾಕು ಮತ್ತು ಹಬ್ಬದ ಪಂಚಾಂಗ.

ನೆಲವು ಊರಿನದು, ಹೆಚ್ಚಾಗಿ ಹನುಮಂತ ದೇವರ ಗುಡಿಗೆ ಹೊಂದಿಕೊಂಡದ್ದು. ಒಳಗೆ ಕೆಮ್ಮಣ್ಣನ್ನು ಸೋಸಿ, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದಗೊಳಿಸಿದ ಅಂಕಣ. ಹೊರಗೆ ಬಯಲಿನಲ್ಲಿ ಗುಂಡುಕಲ್ಲು, ಸಂಗ್ರಾಣಿ ಕಲ್ಲು. ಈ ಕಲ್ಲುಗಳನ್ನು ಯಾರೂ ಬೀಗ ಹಾಕಿ ಇಡುತ್ತಿರಲಿಲ್ಲ. ಹೊಲದಿಂದ ಬಂದ ಯುವಕ ಸಂಜೆ ಅವುಗಳ ಮೇಲೆ ತನ್ನ ಬಲವನ್ನು ಪರೀಕ್ಷಿಸಿಕೊಳ್ಳಬಹುದಾಗಿತ್ತು. ಶುಲ್ಕವಿಲ್ಲದ ಬಯಲು ವ್ಯಾಯಾಮದ ಅತ್ಯಂತ ಸರಳ ರೂಪ ಇದೇ ಎನ್ನಬೇಕು. ಗದೆ, ಮುದ್ಗರ, ಮಲ್ಲಕಂಬಗಳನ್ನು ಊರಿನ ಬಡಿಗನೇ ಮಾಡಬಲ್ಲವನಾಗಿದ್ದನು. ಮುರಿದರೆ ಅವನೇ ಸರಿಪಡಿಸುತ್ತಿದ್ದನು. ಸಲಕರಣೆಯ ದುರಸ್ತಿಗೆ ಹೊರಗಿನವರನ್ನು ಕಾಯಬೇಕಾಗಿರಲಿಲ್ಲ.

ವಸ್ತಾದನು ಗರಡಿಯ ಜೀವ. ದಂಡ, ಬಸ್ಕಿಗಳ ಲೆಕ್ಕ, ಉಸಿರಿನ ಹಿಡಿತ, ಡಾವುಗಳ ಕಲಿಕೆ, ಉಳುಕಿದ ಕೀಲಿನ ಆರೈಕೆ ಎಲ್ಲವೂ ಅವನ ಹೊಣೆ. ವಸ್ತಾದ, ತಾಲೀಮು, ಪೈಲವಾನ, ಖುರಾಕು ಎಂಬ ಪದಗಳು ಅರಬ್ಬಿ–ಫಾರಸಿ ಮೂಲದವು. ಅಖಾಡ, ಲಂಗೋಟ, ದಂಡ, ಮಲ್ಲಕಂಬ ಎಂಬವು ದೇಶಿ ಹಾಗೂ ಸಂಸ್ಕೃತ ಮೂಲದವು. ಹನುಮಂತನ ಚಿತ್ರಕ್ಕೆ ಕೈಮುಗಿದು ಮುಸಲ್ಮಾನ ವಸ್ತಾದನ ಕಾಲು ಮುಟ್ಟಿ ಮಣ್ಣಿಗಿಳಿಯುವ ರೂಢಿಗೂ ಈ ಮಿಶ್ರಭಾಷೆಗೂ ಸಂಬಂಧವಿದೆ. ಬಿಜಾಪುರದ ಆದಿಲ್‌ಶಾಹಿ, ಮರಾಠ ಮತ್ತು ಕನ್ನಡ ಸಂಸ್ಕೃತಿಗಳು ಕೂಡಿದ ಸೀಮೆಯಲ್ಲಿ ಗರಡಿಯು ಅವುಗಳ ಸಂಗಮಸ್ಥಾನವಾಗಿತ್ತು.

ಪಂಚಾಂಗವು ಸಾಧನೆಗೆ ಗುರಿಯನ್ನು ಕೊಡುತ್ತಿತ್ತು. ಯುಗಾದಿ, ಕಾರ ಹುಣ್ಣಿಮೆ, ನಾಗರ ಪಂಚಮಿ, ಮೊಹರಂ ಹಾಗೂ ಊರ ಜಾತ್ರೆಗಳಲ್ಲಿ ಕಲ್ಲು ಎತ್ತುವ ಪಂದ್ಯ, ಜಂಗಿ ನಿಕಾಲಿ ಕುಸ್ತಿ, ಲೇಜೀಮು ಮೇಳಗಳು ನಡೆಯುತ್ತಿದ್ದವು. ಇವುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಜಾತ್ರೆಯ ದಿನ ಹಲಗೆಯ ಸದ್ದಿನ ನಡುವೆ ಊರಿನ ಮರ್ಯಾದೆಯನ್ನು ಹೊತ್ತು ನಿಲ್ಲಬೇಕೆಂಬ ಆಸೆಯೇ ವರ್ಷವಿಡೀ ಬೆಳಗಿನ ಜಾವ ಏಳಿಸುವ ಶಕ್ತಿಯಾಗಿತ್ತು.

ಉಳಿದುದು ಖುರಾಕು. ಹಾಲು, ತುಪ್ಪ, ಬಾದಾಮಿ, ಕಾಳು, ಮಾಂಸಗಳಿಲ್ಲದೆ ದೇಹವು ತಾಲೀಮನ್ನು ತಾಳಲಾರದು. ಗರಡಿಯ ಬಾಗಿಲಿಗೆ ಬೆಲೆಯಿರಲಿಲ್ಲ, ಖುರಾಕಿಗೆ ಬೆಲೆಯಿತ್ತು. ಮನೆಯಲ್ಲಿ ಹಯನಿದ್ದವನು, ಹೊಲವಿದ್ದವನು, ಇಲ್ಲವೇ ಆಶ್ರಯದಾತ ದೊರೆತವನು ಮಾತ್ರ ಪೈಲವಾನನಾಗಿ ಬಾಳಬಲ್ಲವನಾಗಿದ್ದನು. ಗರಡಿಯ ಸಮಾನತೆ ಎಲ್ಲಿಗೆ ನಿಲ್ಲುತ್ತಿತ್ತೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

5. ಸಂಸ್ಥಾನಗಳು, ನಿಶ್ಶಸ್ತ್ರೀಕರಣ ಮತ್ತು ಬರಗಾಲ

ಹತ್ತೊಂಬತ್ತನೆಯ ಶತಮಾನದ ಎರಡು ಘಟನೆಗಳು ಈ ಸೀಮೆಯ ದೇಹಸಂಸ್ಕೃತಿಯನ್ನು ಅರಿಯಲು ಅಗತ್ಯವಾಗಿವೆ. ಮೊದಲನೆಯದು 1857ರ ಹಲಗಲಿ ಬೇಡರ ಬಂಡಾಯ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಬ್ರಿಟಿಷ್ ಸೇನೆಯನ್ನು ಎದುರಿಸಿದರು. ಊರು ಬೆಂಕಿಗೆ ಆಹುತಿಯಾಯಿತು, ಸೆರೆಸಿಕ್ಕವರಲ್ಲಿ ಹಲವರು ಗಲ್ಲಿಗೇರಿದರು. ಆಯುಧವು ಅವರಿಗೆ ಜೀವನೋಪಾಯವೂ ಮರ್ಯಾದೆಯೂ ಆಗಿತ್ತು. ಆಯುಧ ಕಳೆದುಕೊಂಡ ಸಮಾಜದಲ್ಲಿ ಬಲಪ್ರದರ್ಶನಕ್ಕೆ ಉಳಿದ ಸಮ್ಮತ ತಾಣಗಳೆಂದರೆ ಕುಸ್ತಿಯ ಅಖಾಡ ಮತ್ತು ಕಲ್ಲು ಎತ್ತುವ ಬಯಲು. ಗರಡಿಗೆ ಆ ನಂತರದ ಕಾಲದಲ್ಲಿ ದೊರೆತ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಅರ್ಥೈಸಲು ಅವಕಾಶವಿದೆ.

ಎರಡನೆಯದು 1876–78ರ ಮಹಾಕ್ಷಾಮ. ಆಗ ಕಲಾದಗಿ ಎಂದು ಹೆಸರಿದ್ದ ಜಿಲ್ಲೆಯು ಮುಂಬಯಿ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಭಾಗಗಳಲ್ಲಿ ಒಂದು. 1872 ಮತ್ತು 1881ರ ಜನಗಣತಿಗಳ ನಡುವೆ ಅಲ್ಲಿನ ಜನಸಂಖ್ಯೆ ತೀವ್ರವಾಗಿ ಕುಸಿಯಿತು. ಪರಿಹಾರ ಕಾಮಗಾರಿಗಳಲ್ಲಿ ಹಸಿದವರು ಕಲ್ಲು ಒಡೆದು, ಮಣ್ಣು ಹೊತ್ತು ಕೂಲಿ ಪಡೆಯಬೇಕಾಗಿತ್ತು. 1877ರಲ್ಲಿ ರಿಚರ್ಡ್ ಟೆಂಪಲ್ ಗೊತ್ತುಪಡಿಸಿದ ಕೂಲಿಯು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯ ಸುತ್ತಲಿನದು. ಗುಡಿಯ ಮುಂದೆ ಕಲ್ಲನ್ನು ಎತ್ತಿದವನಿಗೆ ಬೆಳ್ಳಿಯ ಕಡಗ ದೊರೆಯುತ್ತಿದ್ದ ನಾಡಿನಲ್ಲಿಯೇ ಕಲ್ಲನ್ನು ಹೊತ್ತ ಲಕ್ಷಾಂತರ ಜನರಿಗೆ ಹೊಟ್ಟೆ ತುಂಬುವಷ್ಟು ಅನ್ನ ದೊರೆಯಲಿಲ್ಲ. ಶ್ರಮ ಮತ್ತು ವ್ಯಾಯಾಮ ಹೊರನೋಟಕ್ಕೆ ಒಂದೇ ಆಗಿ ಕಂಡರೂ ಉಂಡ ದೇಹದ ದುಡಿತವನ್ನು ಹಸಿದ ದೇಹದ ದುಡಿತದೊಂದಿಗೆ ಸಮೀಕರಿಸಲಾಗದು. ಆರೋಗ್ಯದ ಸಮಾನತೆಯನ್ನು ಚರ್ಚಿಸುವವರು ಈ ವ್ಯತ್ಯಾಸವನ್ನು ಮರೆಯುವಂತಿಲ್ಲ.

ದಕ್ಷಿಣ ಮರಾಠ ಸೀಮೆಯ ಸಂಸ್ಥಾನಗಳಲ್ಲಿ ಕುಸ್ತಿಯು ದರ್ಬಾರಿನ ಗೌರವದ ವಿಷಯವಾಗಿತ್ತು. ಇದರ ಶಿಖರವನ್ನು ಕೊಲ್ಹಾಪುರದಲ್ಲಿ ಕಾಣುತ್ತೇವೆ. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ನಾಡಿನ ಎಲ್ಲ ಭಾಗಗಳ ಪೈಲವಾನರಿಗೆ ಆಶ್ರಯ ಕೊಟ್ಟರು. ಖಾಸಬಾಗ ಕುಸ್ತಿ ಮೈದಾನವನ್ನು ಕಟ್ಟಿಸಿದರು. 1902ರಲ್ಲಿ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ. 50ರಷ್ಟು ಮೀಸಲಾತಿ ನೀಡಿದವರೂ ಅವರೇ. ಮೈದಾನ ಮತ್ತು ಮೀಸಲಾತಿ ಒಬ್ಬರೇ ಅರಸರ ಕಾರ್ಯಗಳಾಗಿದ್ದುದು ಆಕಸ್ಮಿಕವೆನಿಸುವುದಿಲ್ಲ. ಬಯಲನ್ನು ತೆರೆದಿಟ್ಟ ಮಾತ್ರಕ್ಕೆ ಎಲ್ಲರೂ ಬರುವುದಿಲ್ಲ, ಬರಲಾರದವರಿಗೆ ದಾರಿಯನ್ನೂ ಮಾಡಿಕೊಡಬೇಕು ಎಂಬ ಅರಿವು ಅಲ್ಲಿ ಕಾಣುತ್ತದೆ.

6. ರಾಷ್ಟ್ರೀಯ ಚಳವಳಿಯ ಕಾಲ

ಸಾರ್ವಜನಿಕ ವ್ಯಾಯಾಮವು ಆಳುವವರಿಗೆ ಅನುಮಾನದ ವಸ್ತುವಾಗಿದ್ದುದು ಇಲ್ಲಿ ಮಾತ್ರವಲ್ಲ. ಜಮಖಂಡಿ ಸಂಸ್ಥಾನವು ರೂಪುಗೊಂಡ 1811ರಲ್ಲಿಯೇ ಬರ್ಲಿನ್ನಿನ ಹಾಸನ್‌ಹೈಡೆ ಬಯಲಿನಲ್ಲಿ ಫ್ರೀಡ್ರಿಕ್ ಲುಡ್‌ವಿಗ್ ಯಾನ್ ಎಂಬಾತ ತೆರೆದ ವ್ಯಾಯಾಮದ ಮೈದಾನವನ್ನು ಆರಂಭಿಸಿದನು. ಯುರೋಪಿನ ಬಯಲು ವ್ಯಾಯಾಮತಾಣಗಳ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ. ಯುವಕರಲ್ಲಿ ರಾಜಕೀಯ ಜಾಗೃತಿ ಹಬ್ಬುತ್ತಿದೆ ಎಂದು 1820ರಲ್ಲಿ ಪ್ರಷ್ಯಾ ಸರ್ಕಾರ ಅಂಥ ಮೈದಾನಗಳನ್ನು ನಿಷೇಧಿಸಿತು.

ಒಂದು ಶತಮಾನದ ಅನಂತರ ಕರ್ನಾಟಕದಲ್ಲಿ ಇದಕ್ಕೆ ಹೋಲುವ ಘಟನೆ ನಡೆಯಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು 1923ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಕವಾಯತು, ಲೇಜೀಮು, ಶಿಬಿರಜೀವನಗಳ ಮೂಲಕ ಸಾಮಾನ್ಯ ಯುವಕರಿಗೆ ದೇಹಶಿಕ್ಷಣ ನೀಡಿದ ಈ ಸಂಸ್ಥೆಯನ್ನು 1932ರಲ್ಲಿ ಬ್ರಿಟಿಷ್ ಸರ್ಕಾರ ನಿಷೇಧಿಸಿತು. ಸೇವಾದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದ ಉಮಾಬಾಯಿ ಕುಂದಾಪುರ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಂಘಟಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಗರಡಿಯ ಚಿಕ್ಕ ಬಾಗಿಲು ಮುಚ್ಚಿಕೊಂಡಿದ್ದ ಹೆಣ್ಣುಮಕ್ಕಳು ಸಾರ್ವಜನಿಕ ಬಯಲಿನಲ್ಲಿ ಸಾಲಾಗಿ ನಿಂತದ್ದು ಉತ್ತರ ಕರ್ನಾಟಕದ ದೇಹಶಿಕ್ಷಣದ ಚರಿತ್ರೆಯಲ್ಲಿ ಒಂದು ತಿರುವು. ಹರ್ಡೀಕರ, ಡಾ. ಕೋಕಟನೂರ ಮೊದಲಾದವರು 1929ರಲ್ಲಿ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಸ್ಥಾಪಿಸಿದರು. ದೇಹಶಿಕ್ಷಣ ಮತ್ತು ವೈದ್ಯಕೀಯ ಸೇವೆಗಳೆರಡನ್ನೂ ಸಮಾಜದ ಹೊಣೆಯೆಂದು ಭಾವಿಸಿದ ಪೀಳಿಗೆ ಅದಾಗಿತ್ತು.

ಮುಂಬಯಿ ಸರ್ಕಾರವೂ ಆ ದಶಕದ ಕೊನೆಗೆ ಈ ಕ್ಷೇತ್ರಕ್ಕೆ ಬಂದಿತು. 1938ರಲ್ಲಿ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ತರಬೇತಿ ಸಂಸ್ಥೆ ಆರಂಭವಾಯಿತು. ಬೀಳಗಿಯಂಥ ಬ್ರಿಟಿಷ್ ಭಾಗದ ಶಾಲೆಗಳಿಗೆ ವಸ್ತಾದನ ಜಾಗದಲ್ಲಿ ತರಬೇತಿ ಪಡೆದ ಶಿಕ್ಷಕನು ಬರುವ ದಾರಿ ಇದರಿಂದ ತೆರೆಯಿತು. ಗರಡಿಗೆ ಹೋಲಿಸಿದರೆ ಶಾಲೆಯ ಬಾಗಿಲು ದೊಡ್ಡದು. ಜಾತಿ ಮತ್ತು ಲಿಂಗಗಳ ತಡೆ ಅಲ್ಲಿ ಕಡಿಮೆ. ಆದರೆ ಶಾಲೆ ಬಿಟ್ಟವರಿಗೆ, ಶಾಲೆಗೆ ಸೇರದವರಿಗೆ ಅಲ್ಲಿ ಸ್ಥಾನವಿರಲಿಲ್ಲ.

7. ವಿಲೀನದ ನಂತರ

1948ರ ವಿಲೀನದಿಂದ ದರ್ಬಾರಿನ ಆಶ್ರಯ ನಿಂತಿತು. ಜಮಖಂಡಿ ಸಂಸ್ಥಾನದ ಸಾವಳಗಿಯವರಾದ ಬಿ. ಡಿ. ಜತ್ತಿ ಅವರು ಆ ಸಂಸ್ಥಾನದ ಮುಖ್ಯಮಂತ್ರಿಯಾಗಿದ್ದು, 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ಮುಂದೆ ದೇಶದ ಉಪರಾಷ್ಟ್ರಪತಿಯೂ ಆದರು. ಸಂಸ್ಥಾನದ ಪ್ರಜೆ ಗಣರಾಜ್ಯದ ನಾಗರಿಕನಾದ ಈ ಪಲ್ಲಟದಲ್ಲಿ ಪೈಲವಾನನ ಸ್ಥಿತಿಯೂ ಬದಲಾಯಿತು. ಖುರಾಕು ಕೊಡುವ ಅರಸನಿರಲಿಲ್ಲ. ಅದನ್ನು ಹಕ್ಕಾಗಿ ಕೊಡುವ ಶಾಸನವೂ ಇರಲಿಲ್ಲ. ಕಾಲಕ್ರಮದಲ್ಲಿ ರಾಜ್ಯ ಸರ್ಕಾರವು ಗರಡಿಮನೆಗಳ ನಿರ್ಮಾಣಕ್ಕೆ ಅನುದಾನ, ಮಾಜಿ ಪೈಲವಾನರಿಗೆ ಮಾಸಾಶನ, ಕ್ರೀಡಾನಿಲಯಗಳಲ್ಲಿ ಕುಸ್ತಿ ತರಬೇತಿ ಮುಂತಾದ ಯೋಜನೆಗಳನ್ನು ರೂಪಿಸಿತು. ಇವು ಸ್ವಾಗತಾರ್ಹ ಕ್ರಮಗಳೇ. ಆದರೆ ಇವುಗಳ ದೃಷ್ಟಿ ಕ್ರೀಡಾಪಟುವಿನ ಮೇಲಿತ್ತು. ಸ್ಪರ್ಧೆಗಿಳಿಯದ ಸಾಮಾನ್ಯನ ಆರೋಗ್ಯ ಅವುಗಳ ವ್ಯಾಪ್ತಿಗೆ ಬರಲಿಲ್ಲ.

ಕಾನೂನಿನ ನೆಲೆಯಲ್ಲಿ ಎರಡು ಬೆಳವಣಿಗೆಗಳನ್ನು ಹೆಸರಿಸಬೇಕು. ಕರ್ನಾಟಕವು 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ತೆರೆದ ಸ್ಥಳಗಳ ಸಂರಕ್ಷಣೆಗಾಗಿ ಪ್ರತ್ಯೇಕ ಕಾಯಿದೆಯನ್ನು ಮಾಡಿತು. 1992ರ 74ನೆಯ ತಿದ್ದುಪಡಿಯು ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ ಮತ್ತು ಆಟದ ಮೈದಾನಗಳನ್ನು ನಗರಸಂಸ್ಥೆಗಳ ವಿಷಯವಾಗಿ ಸ್ಪಷ್ಟವಾಗಿ ಸೇರಿಸಿತು. ಪಂಚಾಯತಿಗಳ 29 ವಿಷಯಗಳನ್ನು ಹೇಳುವ ಹನ್ನೊಂದನೆಯ ಅನುಸೂಚಿಯಲ್ಲಿ ಆರೋಗ್ಯ, ನೈರ್ಮಲ್ಯ, ಸಮುದಾಯ ಆಸ್ತಿಗಳ ಸಂರಕ್ಷಣೆ ಇವೆ. ಉದ್ಯಾನ ಅಥವಾ ಮೈದಾನದ ಹೆಸರಿಲ್ಲ. ಜಮಖಂಡಿ ನಗರದ ನಿವಾಸಿಗೆ ಹೆಸರಿಸಿ ಕೊಟ್ಟ ಸೌಕರ್ಯವನ್ನು ಅದೇ ತಾಲೂಕಿನ ಹಳ್ಳಿಯವನು ಬೇರೆ ಬಾಬತ್ತುಗಳ ಅಡಿಯಲ್ಲಿ ಹುಡುಕಿಕೊಳ್ಳಬೇಕಾಗಿದೆ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಅಡಿಯಲ್ಲಿ ರಾಜ್ಯದ ಹಲವು ಶಾಲೆಗಳಲ್ಲಿ ಆಟದ ಮೈದಾನಗಳು ನಿರ್ಮಾಣವಾದದ್ದು ಇಂಥ ಒಂದು ದಾರಿ. ಗ್ರಾಮೀಣ ಕೂಲಿಕಾರರ ದುಡಿಮೆಯಿಂದಲೇ ಮಕ್ಕಳಿಗೆ ಬಯಲು ದೊರೆತ ಆ ಪ್ರಯೋಗವು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾಗಿದೆ.

8. ಬಯಲು ವ್ಯಾಯಾಮತಾಣ: ಲಾಭ ಮತ್ತು ಕೊರತೆ

ಇಂದಿನ ಬಯಲು ವ್ಯಾಯಾಮತಾಣದ ಮಾದರಿ ವ್ಯಾಪಕವಾಗಿ ಹರಡಿದ್ದು ಚೀನಾದಲ್ಲಿ. 1995ರಲ್ಲಿ ಆ ದೇಶವು ರಾಷ್ಟ್ರೀಯ ದೈಹಿಕ ಸಾಮರ್ಥ್ಯ ಕಾರ್ಯಕ್ರಮವನ್ನು ಘೋಷಿಸಿ, ಲಾಟರಿಯಿಂದ ಬಂದ ಹಣವನ್ನು ಬಳಸಿ ವಸತಿ ಬಡಾವಣೆಗಳಲ್ಲಿ ಸಲಕರಣೆಗಳನ್ನು ಸ್ಥಾಪಿಸಿತು. ಭಾರತದಲ್ಲಿ 2019ರ ಆಗಸ್ಟ್ 29ರಂದು ಆರಂಭವಾದ ‘ಫಿಟ್ ಇಂಡಿಯಾ’ ಆಂದೋಲನವು ಇಂಥ ಪ್ರಯತ್ನಗಳಿಗೆ ಪ್ರಚಾರ ನೀಡಿತು.

ಇದರ ಅಗತ್ಯವನ್ನು ಅಂಕಿಗಳು ಸಮರ್ಥಿಸುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಮತ್ತು ಸಹಯೋಗಿ ಸಂಸ್ಥೆಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ದೇಶದ ಒಟ್ಟು ಸಾವುಗಳಲ್ಲಿ ಅಸಾಂಕ್ರಾಮಿಕ ರೋಗಗಳ ಪಾಲು 1990ರಲ್ಲಿ ಶೇ. 37.9 ಇದ್ದದ್ದು 2016ರಲ್ಲಿ ಶೇ. 61.8ಕ್ಕೆ ಏರಿತು. 2023ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆ ಮಧುಮೇಹವುಳ್ಳವರ ಪ್ರಮಾಣವನ್ನು ಶೇ. 11.4 ಎಂದು ಅಂದಾಜಿಸಿತು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಆದರೆ ಈ 150 ನಿಮಿಷಗಳು ಎಲ್ಲರಿಗೂ ಸಮನಾಗಿ ದೊರೆಯುವುದಿಲ್ಲ. ರಬಕವಿ–ಬನಹಟ್ಟಿಯ ನೇಕಾರನನ್ನು ತೆಗೆದುಕೊಳ್ಳೋಣ. ಕುಣಿಮಗ್ಗದಲ್ಲಿ ಕುಳಿತು ನೇಯುವವನ ಕಾಲು ಮತ್ತು ತೋಳುಗಳು ದಿನವಿಡೀ ಒಂದೇ ಚಲನೆಯಲ್ಲಿ ತೊಡಗಿರುತ್ತವೆ, ಬೆನ್ನು ಬಾಗಿರುತ್ತದೆ. ವಿದ್ಯುತ್ ಮಗ್ಗದಲ್ಲಿ ದುಡಿಯುವವನು ಸದ್ದು ಮತ್ತು ಹತ್ತಿಯ ಧೂಳಿನ ನಡುವೆ ಪಾಳಿ ಮುಗಿಯುವವರೆಗೆ ನಿಂತಿರುತ್ತಾನೆ. ಕಂಡಿಕೆ ಸುತ್ತುವ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಅದು ಅಡುಗೆ, ನೀರು, ಮಕ್ಕಳ ಪಾಲನೆಗಳ ಜೊತೆಗೆ ಸೇರಿಕೊಳ್ಳುವ ದುಡಿಮೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಉದ್ಯಾನದಲ್ಲಿ ಕಳೆದ ಅರ್ಧ ಗಂಟೆಗೂ ಬೆಲೆಯಿದೆ. ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ಕಡಿಯುವವರಿಗೆ ದೇಹಶ್ರಮದ ಕೊರತೆಯೇ ಇಲ್ಲ. ಅವರಿಗೆ ಬೇಕಾದದ್ದು ವಿಶ್ರಾಂತಿ, ಆಹಾರ, ಬೆನ್ನುನೋವಿಗೆ ಚಿಕಿತ್ಸೆ. ವಿದ್ಯಾವಂತ ಮಧ್ಯಮ ವರ್ಗದವರು ಬೆಳಗಿನ ನಡಿಗೆಗೆ ಬಳಸುವ ಉದ್ಯಾನದಲ್ಲಿ ಸಲಕರಣೆ ನಿಲ್ಲಿಸಿದರೆ, ಸಾರ್ವಜನಿಕ ಹಣದ ಲಾಭ ಈಗಾಗಲೇ ಬಿಡುವುಳ್ಳವರಿಗೇ ಸಲ್ಲುವ ಅಪಾಯವಿದೆ.

ಮಹಿಳೆಯರ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದುದು. ಈ ಸೀಮೆಯಲ್ಲಿ ಹೆಣ್ಣುಮಕ್ಕಳು ಬಯಲಿನಲ್ಲಿ ದೇಹದ ಉಲ್ಲಾಸವನ್ನು ನಿಸ್ಸಂಕೋಚವಾಗಿ ಅನುಭವಿಸುತ್ತಿದ್ದ ಸಂದರ್ಭ ನಾಗರ ಪಂಚಮಿಯ ಜೋಕಾಲಿ. ಮರಕ್ಕೆ ಕಟ್ಟಿದ ಹಗ್ಗದಲ್ಲಿ ನಿಂತು ಜೀಕುವ ಆಟವು ವರ್ಷಕ್ಕೊಮ್ಮೆ ದೊರೆಯುವ ಬಿಡುಗಡೆ. ಹಬ್ಬ ಕಳೆದ ಮೇಲೆ ಹಗ್ಗವೂ ಇಳಿಯುತ್ತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸಿನಿಂದ ಮಹಿಳಾ ಕುಸ್ತಿ ಅಧಿಕೃತವಾದ ಮೇಲೆ ಉತ್ತರ ಕರ್ನಾಟಕದಲ್ಲಿಯೂ ಹುಡುಗಿಯರು ಕುಸ್ತಿಯ ಅಂಕಣಕ್ಕೆ ಇಳಿದಿದ್ದಾರೆ. ಇವರು ಕ್ರೀಡಾಪಟುಗಳು. ಐವತ್ತು ದಾಟಿದ ಗೃಹಿಣಿಯು ಸೀರೆಯುಟ್ಟು, ನೋಡುವವರ ಕಣ್ಣಿಗೆ ಅಂಜದೆ, ಸಂಜೆಯ ಬೆಳಕಿನಲ್ಲಿ ಸಲಕರಣೆಯನ್ನು ಬಳಸಬಲ್ಲಳೇ ಎಂಬುದೇ ಸಾರ್ವಜನಿಕ ವ್ಯಾಯಾಮತಾಣದ ನಿಜವಾದ ಪರೀಕ್ಷೆ. ದೀಪ, ಶೌಚಾಲಯ, ಕುಡಿಯುವ ನೀರು, ನೆರಳುಗಳು ಇಲ್ಲಿ ಸಲಕರಣೆಯಷ್ಟೇ ಮುಖ್ಯ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ತಲುಪುವ ಈ ಸೀಮೆಯಲ್ಲಿ ನೆರಳಿಲ್ಲದ ಕಬ್ಬಿಣವನ್ನು ಹಗಲಿನಲ್ಲಿ ಮುಟ್ಟಲೂ ಆಗದು.

ಗರಡಿಯ ಐದು ಆಧಾರಗಳೊಂದಿಗೆ ಹೋಲಿಸಿದಾಗ ಹೊಸ ಏರ್ಪಾಡಿನ ಸ್ವರೂಪ ಸ್ಪಷ್ಟವಾಗುತ್ತದೆ. ನೆಲವಿದೆ, ಸಲಕರಣೆಯಿದೆ. ವಸ್ತಾದನಿಲ್ಲ, ಹಲಗೆಯ ಮೇಲಿನ ಚಿತ್ರವೇ ಗುರು. ಖುರಾಕಿನ ವಿಚಾರ ಅದರ ಪರಿಧಿಯಲ್ಲಿಲ್ಲ. ಊರನ್ನು ಒಟ್ಟುಗೂಡಿಸುವ ಹಬ್ಬವಿಲ್ಲ. ದುರಸ್ತಿಯನ್ನು ಊರ ಕಮ್ಮಾರನು ಮಾಡಲಾರನು. ಸವೆದ ಬೇರಿಂಗಿಗೆ ಗುತ್ತಿಗೆದಾರನನ್ನು ಕಾಯಬೇಕು. ಹಾಗೆಯೇ ಗರಡಿಗೆ ಇಲ್ಲದಿದ್ದ ಒಂದು ದೊಡ್ಡ ಗುಣ ಇದಕ್ಕಿದೆ: ಇದರ ಬಾಗಿಲು ಜಾತಿ, ಲಿಂಗ, ವಯಸ್ಸುಗಳನ್ನು ಕೇಳುವುದಿಲ್ಲ. ಚರಿತ್ರೆಯಲ್ಲಿ ಇದುವರೆಗೆ ತೆರೆದ ಬಾಗಿಲುಗಳಲ್ಲಿ ಇದೇ ಅತ್ಯಂತ ಅಗಲವಾದುದು. ಆ ಬಾಗಿಲಿನ ಒಳಗೆ ಕಲಿಸುವವರು ಮತ್ತು ಕಾಯುವವರು ಇಲ್ಲದಿರುವುದೇ ಅದರ ಕೊರತೆ.

9. ಮುಳುಗಡೆ ಮತ್ತು ಹೊಸ ಊರಿನ ನಕ್ಷೆ

ಬೀಳಗಿ ತಾಲೂಕಿನ ಅನುಭವವು ಈ ಚರ್ಚೆಗೆ ಇನ್ನೊಂದು ಆಯಾಮ ಕೊಡುತ್ತದೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟನ್ನು 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. 519.6 ಮೀಟರು ಮಟ್ಟದಲ್ಲಿ ನಿಂತ ನೀರು ಬೀಳಗಿ, ಬಾಗಲಕೋಟೆ ಭಾಗದ ನದಿದಂಡೆಯ ಊರುಗಳನ್ನು ನುಂಗಿತು. ಜನರು ಪುನರ್ವಸತಿ ಕೇಂದ್ರಗಳಿಗೆ ಸ್ಥಳಾಂತರಗೊಂಡರು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಮಟ್ಟವನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿದ ಮೇಲೆ ಹೊಸ ಮುಳುಗಡೆಯ ಪ್ರಶ್ನೆಯೂ ಎದ್ದಿತು.

ಮನೆ, ಹೊಲ, ಗುಡಿಗಳಿಗೆ ಪರಿಹಾರದ ಲೆಕ್ಕವಿದೆ. ಗುಡಿಯ ಮುಂದಿನ ಕಲ್ಲು ಬಿದ್ದಿದ್ದ ಬಯಲಿಗೆ, ಕುಸ್ತಿ ನಡೆಯುತ್ತಿದ್ದ ಹಳ್ಳದ ದಂಡೆಗೆ ಲೆಕ್ಕವಿಲ್ಲ, ಏಕೆಂದರೆ ಅವು ಯಾರೊಬ್ಬರ ಸ್ವತ್ತೂ ಅಲ್ಲ. 2013ರ ಭೂಸ್ವಾಧೀನ ಕಾಯಿದೆಯ ಮೂರನೆಯ ಅನುಸೂಚಿಯು ಪುನರ್ವಸತಿ ಪ್ರದೇಶದಲ್ಲಿ ಇರಬೇಕಾದ ಸೌಕರ್ಯಗಳನ್ನು ಪಟ್ಟಿ ಮಾಡುವಾಗ ಮಕ್ಕಳ ಆಟದ ಮೈದಾನ, ಸಮುದಾಯ ಭವನ, ಜನ ಕೂಡುವ ಕಟ್ಟೆಗಳನ್ನು ಹೇಳಿದೆ. ವಯಸ್ಕರ ದೇಹಸಾಧನೆಯ ತಾಣ ಅದರಲ್ಲಿಲ್ಲ. ಹಳೆಯ ಊರಿನಲ್ಲಿ ಮೇಲ್ಕೇರಿ, ಕೆಳಕೇರಿಗಳ ನಡುವೆ ಸಾರ್ವಜನಿಕ ಬಯಲನ್ನು ಹುಡುಕುವುದು ಕಷ್ಟ. ಗರಡಿ ಯಾವ ಕೇರಿಯಲ್ಲಿದೆ ಎಂಬುದೇ ಅಲ್ಲಿಗೆ ಬರುವವರನ್ನು ನಿರ್ಧರಿಸುತ್ತಿತ್ತು. ಹೊಸ ಊರಿನ ನಕ್ಷೆಯಲ್ಲಾದರೋ ಆ ಬಯಲನ್ನು ಎಲ್ಲ ಕೇರಿಗಳಿಗೂ ಸಮೀಪವಾಗುವಂತೆ ಗುರುತಿಸಲು ಸಾಧ್ಯ. ನೀರಿಗೆ ಊರು ಕೊಟ್ಟವರಿಗೆ ಈ ಒಂದು ನ್ಯಾಯವನ್ನು ಸಲ್ಲಿಸುವ ಅವಕಾಶ ಪುನರ್ವಸತಿಯ ಯೋಜಕರ ಕೈಯಲ್ಲಿದೆ.

10. ಉಪಸಂಹಾರ

ಮೇಲಿನ ಸಮೀಕ್ಷೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಜಮಖಂಡಿ–ಮುಧೋಳ ಸೀಮೆಯಲ್ಲಿ ಶುಲ್ಕವಿಲ್ಲದ ಸಾರ್ವಜನಿಕ ವ್ಯಾಯಾಮವು ಹೊರಗಿನಿಂದ ಬಂದ ಕಲ್ಪನೆಯಲ್ಲ. ಪ್ರತಿಯೊಂದು ಕಾಲವೂ ಒಂದು ಬಾಗಿಲನ್ನು ತೆರೆದು ಇನ್ನೊಂದನ್ನು ಮುಚ್ಚಿಯೇ ಇಟ್ಟಿತು: ಅರಸರು ಖುರಾಕು ಕೊಟ್ಟರು, ಆದರೆ ಆಯ್ದ ಕೆಲವರಿಗೆ, ಗರಡಿಯು ಗುರುವನ್ನು ಕೊಟ್ಟಿತು, ಆದರೆ ಗಂಡಸರಿಗೆ, ಸೇವಾದಳವು ಹೆಣ್ಣುಮಕ್ಕಳನ್ನು ಬಯಲಿಗೆ ಕರೆತಂದಿತು, ಆದರೆ ಅದರ ಆಯುಷ್ಯ ಕಿರಿದಾಯಿತು, ಶಾಲೆಯು ಶಿಕ್ಷಕನನ್ನು ಕೊಟ್ಟಿತು, ಆದರೆ ಬಾಲ್ಯ ಮುಗಿಯುವವರೆಗೆ ಮಾತ್ರ. ಬಯಲು ವ್ಯಾಯಾಮತಾಣವು ಎಲ್ಲರಿಗೂ ಸ್ಥಳ ಕೊಟ್ಟಿದೆ. ಉಳಿದುದನ್ನು ಇನ್ನೂ ಕೊಡಬೇಕಾಗಿದೆ.

ಆದುದರಿಂದ ಇಂಥ ತಾಣಗಳನ್ನು ನಿರ್ಮಿಸುವಾಗ ಸ್ಥಳದ ಆಯ್ಕೆಯಲ್ಲಿ ನೇಕಾರರ ಓಣಿ, ಕೂಲಿಕಾರರ ಕೇರಿ, ಪುನರ್ವಸತಿ ಕೇಂದ್ರಗಳಿಗೆ ಆದ್ಯತೆ ಸಲ್ಲಬೇಕು. ಮಾಸಾಶನ ಪಡೆಯುತ್ತಿರುವ ಹಿರಿಯ ಪೈಲವಾನರನ್ನೂ ಶಾಲೆಯ ದೈಹಿಕ ಶಿಕ್ಷಕರನ್ನೂ ಗೌರವಧನದೊಂದಿಗೆ ಮಾರ್ಗದರ್ಶಕರನ್ನಾಗಿ ನೇಮಿಸಬಹುದು. ಮಹಿಳೆಯರಿಗೆ ನಿಗದಿತ ವೇಳೆ ಮತ್ತು ಮಹಿಳಾ ಮಾರ್ಗದರ್ಶಕಿಯರು ಬೇಕು. ದುರಸ್ತಿಯ ಹಣವನ್ನು ನಿರ್ಮಾಣದ ಅಂದಾಜಿನಲ್ಲಿಯೇ ಕಾಯ್ದಿರಿಸಬೇಕು. ಜಾತ್ರೆ, ಉರುಸುಗಳ ಸಂದರ್ಭದಲ್ಲಿ ಕಲ್ಲು ಎತ್ತುವ ಪಂದ್ಯದ ಜೊತೆಗೆ ಎಲ್ಲ ವಯಸ್ಸಿನವರಿಗೂ ಸಲ್ಲುವ ಆಟಗಳನ್ನು ಏರ್ಪಡಿಸಿದರೆ ಹೊಸ ತಾಣವು ಊರಿನ ಪಂಚಾಂಗದೊಳಗೆ ಸೇರಿಕೊಳ್ಳುತ್ತದೆ. ಊರಿನವರು ತಮ್ಮದೆಂದು ಭಾವಿಸಿದ ಕಲ್ಲು ಶತಮಾನಗಳ ಕಾಲ ಗುಡಿಯ ಮುಂದೆ ಉಳಿದಿದೆ. ಸರ್ಕಾರ ನಿಲ್ಲಿಸಿದ ಕಬ್ಬಿಣವೂ ಹಾಗೆ ಉಳಿಯಬೇಕಾದರೆ ಅದನ್ನು ಬಳಸುವ ಜನರಿಗೆ ಅದರ ಮೇಲೆ ಅಧಿಕಾರವೂ ಹೊಣೆಯೂ ದೊರೆಯಬೇಕು.